ಐದನೇ ತಾರೀಕಿಗೆ ಕೊಯ್ಲು ಗೊತ್ತಿಲ್ಲ

“ನಿಂಗೇನಪ್ಪಾ, ಊರಲ್ಲಿದ್ದೀಯ. ಬಾಡಿಗೆ ಇಲ್ಲ, ಟ್ರಾಫಿಕ್ ಇಲ್ಲ, ವೀಕೆಂಡ್ ಖರ್ಚಿಲ್ಲ. ಸಾಲ ಎಲ್ಲ ತೀರಿಸಿ ಆರಾಮಾಗಿರಬೇಕು ಈಗ!”

ಬೆಂಗಳೂರಿನ ಗೆಳೆಯರು ಫೋನ್ ಮಾಡಿದಾಗೆಲ್ಲ ಈ ಮಾತು ಒಂದಲ್ಲ ಒಂದು ರೂಪದಲ್ಲಿ ಬಂದೇ ಬರುತ್ತೆ. ಕೆಲಸ ಬಿಟ್ಟು ಹೊಸನಗರ ತಾಲೂಕಿನ ನಮ್ಮ ಹಳ್ಳಿಗೆ ಬಂದು, ಮನೆಯ ಮಾಳಿಗೆಯಲ್ಲಿ ಕೂತು ಸ್ವಂತವಾಗಿ ಸಾಫ್ಟ್‌ವೇರ್ ಕೆಲಸ ಮಾಡುವವನು ನಾನು. ಬಾಡಿಗೆ ಇಲ್ಲ ಅನ್ನೋದು ನಿಜ. ಸಾಲ ತೀರಿಸೋದು ಇಲ್ಲಿ ಸುಲಭ ಅನ್ನೋದು ಮಾತ್ರ ನಿಜ ಅಲ್ಲ. ಯಾಕೆ ಅಂತ ಈ ಸಲ ಲೆಕ್ಕ ಸಮೇತ ಬರೀತೀನಿ. ಊರಿಗೆ ವಾಪಸ್ ಹೋಗೋ ಯೋಚನೆ ನಿಮಗೂ ಇದ್ದರೆ, ಅಥವಾ ಎಲ್ಲೇ ಇದ್ದರೂ ಸಂಬಳವಿಲ್ಲದ ಕೆಲಸ ನಿಮ್ಮದಾಗಿದ್ದರೆ, ಇದರಲ್ಲಿ ಒಂದೆರಡು ವಿಷಯ ಉಪಯೋಗಕ್ಕೆ ಬಂದೀತು.

ಹಳ್ಳಿಯ ಖರ್ಚಿನ ಪಟ್ಟಿ

ಬೆಂಗಳೂರಿನಲ್ಲಿ ಇಲ್ಲದ ಖರ್ಚುಗಳು ಇಲ್ಲಿವೆ. ಒಂದು ಇಂಟರ್ನೆಟ್ ಸಾಕಾಗಲ್ಲ. ಮರ ಬಿದ್ದು ಫೈಬರ್ ಕೇಬಲ್ ಕಡಿದ ದಿನಕ್ಕೆ ಇನ್ನೊಂದು ಬೇಕು. ನಮ್ಮ ಪಕ್ಕದಲ್ಲೇ ಮಾಣಿ ಅಣೆಕಟ್ಟೆ ಇದೆ, ಅದರ ನೀರು ಘಟ್ಟ ಇಳಿದು ಹೊಸಂಗಡಿಯ ವಾರಾಹಿ ವಿದ್ಯುದಾಗಾರಕ್ಕೆ ಹೋಗುತ್ತೆ. ಆದರೂ ಜುಲೈನಲ್ಲಿ ಗಾಳಿ ಮಳೆ ಶುರುವಾದರೆ ನಮ್ಮ ಮನೆಗೆ ಮೂರು ದಿನ ಕರೆಂಟ್ ಇಲ್ಲದಿರೋದು ಮಾಮೂಲು. ಹಾಗಾಗಿ ಸೋಲಾರ್ ಪ್ಯಾನೆಲ್, ಇನ್ವರ್ಟರ್, ಎರಡು ದೊಡ್ಡ ಬ್ಯಾಟರಿ. ಲ್ಯಾಪ್‌ಟಾಪ್ ಕೆಟ್ಟರೆ ಶಿವಮೊಗ್ಗಕ್ಕೆ ಓಡಬೇಕು. ಅಪ್ಪನಿಗೆ ಹೃದಯದ ತಪಾಸಣೆ ಅಂದರೆ ಘಟ್ಟ ಇಳಿಯಬೇಕು, ಗಾಡಿ ಬಾಡಿಗೆ, ಒಂದು ದಿನದ ಕೆಲಸ ಎರಡೂ ಹೋಯ್ತು.

ಇದೆಲ್ಲ ಸೇರಿಸಿದರೂ ಬೆಂಗಳೂರಿಗಿಂತ ಕಡಿಮೆಯೇ, ಒಪ್ಪಿದೆ. ಕಷ್ಟ ಖರ್ಚಿನ ಮೊತ್ತದಲ್ಲಿಲ್ಲ, ದುಡ್ಡು ಬರೋ ಹೊತ್ತಿನಲ್ಲಿದೆ.

ಕಳೆದ ಆರ್ಥಿಕ ವರ್ಷದಲ್ಲಿ ನನ್ನ ಕೆಲಸದಿಂದ ಬಂದದ್ದು 9 ಲಕ್ಷದ 60 ಸಾವಿರ. ತಿಂಗಳಿಗೆ ಸರಾಸರಿ 80 ಸಾವಿರ. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ಜುಲೈನಲ್ಲಿ ಬಂದದ್ದು ಸೊನ್ನೆ. ಆಗಸ್ಟ್‌ನಲ್ಲಿ 22 ಸಾವಿರ. ನವೆಂಬರ್‌ನಲ್ಲಿ ಒಮ್ಮೆಲೇ 1 ಲಕ್ಷದ 90 ಸಾವಿರ. ಅಪ್ಪನ ತೋಟದ್ದೂ ಇದೇ ಕಥೆ. ಮಳೆ ಶುರುವಾಗೋ ಹೊತ್ತಿಗೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸೋ ಖರ್ಚು, ದುಡ್ಡು ಕಾಣೋದು ಕೊನೆಗೌಡ ಮರ ಹತ್ತಿ, ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ, ಮಂಡಿಗೆ ಹೋದ ಮೇಲೆ.

ಬ್ಯಾಂಕಿನ ಕಂತು ಮಾತ್ರ ಪ್ರತಿ ತಿಂಗಳು ಐದನೇ ತಾರೀಕು ಬೆಳಗ್ಗೆ ಖಾತೆಗೆ ಕೈ ಹಾಕುತ್ತೆ. ಅದಕ್ಕೆ ಕೊಯ್ಲು ಯಾವಾಗ ಅಂತ ಗೊತ್ತಿಲ್ಲ, ಕ್ಲೈಂಟ್ ದುಡ್ಡು ಹಾಕಿದ್ದಾರಾ ಅಂತಲೂ ಗೊತ್ತಿಲ್ಲ. ಇಎಂಐ ಅನ್ನೋದು ಒಂದನೇ ತಾರೀಕು ಸಂಬಳ ಬರೋರಿಗಾಗಿ ಹುಟ್ಟಿದ ಲೆಕ್ಕ. ಸಂಬಳವಿಲ್ಲದ ನಾವು ಅದೇ ಲೆಕ್ಕದಲ್ಲಿ ಸಾಲ ತೀರಿಸೋಕೆ ಹೋದರೆ, ವರ್ಷದ ಒಟ್ಟು ಆದಾಯ ಸಾಕಷ್ಟಿದ್ದರೂ ನಡುವಿನ ಒಂದು ತಿಂಗಳಲ್ಲಿ ಮುಗ್ಗರಿಸ್ತೀವಿ.

ಮೊದಲು ಒಂದು ಹಾಳೆ

ಕಳೆದ ವರ್ಷ ಏಪ್ರಿಲ್‌ನಲ್ಲಿ ಕೂತು ಬರೆದ ಪಟ್ಟಿ ಹೀಗಿತ್ತು:

ಪರ್ಸನಲ್ ಲೋನ್: 4 ಲಕ್ಷ, ಬಡ್ಡಿ ಶೇ 14.5, ಇನ್ನೂ 48 ಕಂತು, ತಿಂಗಳಿಗೆ 11,030. ಅಪ್ಪನ ಆಪರೇಷನ್‌ಗೆ ವಿಮೆ ಕೊಟ್ಟು ಉಳಿದದ್ದಕ್ಕೆ ಆದ ಸಾಲ.

ಮುದ್ರಾ ಸಾಲ: 3 ಲಕ್ಷ, ಶೇ 11, 60 ಕಂತು, ತಿಂಗಳಿಗೆ 6,520. ಸೋಲಾರ್, ಬ್ಯಾಟರಿ, ಲ್ಯಾಪ್‌ಟಾಪ್‌ಗೆ.

ಕ್ರೆಡಿಟ್ ಕಾರ್ಡ್: 85 ಸಾವಿರ, ತಿಂಗಳಿಗೆ ಶೇ 3.5. ಒಬ್ಬ ಕ್ಲೈಂಟ್ ದುಡ್ಡು ತಡ ಮಾಡಿದ ಎರಡು ತಿಂಗಳು ಮನೆ ನಡೆಸಿದ್ದು ಇದೇ ಕಾರ್ಡ್.

ಕೈಗಡ: 60 ಸಾವಿರ, ಬಡ್ಡಿ ಇಲ್ಲ. ದೊಡ್ಡಪ್ಪನ ಮಗ ಅಣ್ಣ ಆಸ್ಪತ್ರೆ ಬಾಗಿಲಲ್ಲೇ ಕೊಟ್ಟದ್ದು.

ಒಟ್ಟು 8 ಲಕ್ಷದ 45 ಸಾವಿರ.

ಹಾಳೆಯಲ್ಲಿ ನಾಲ್ಕು ಸಾಲು ಬರೆದಾಗ ಕಂಡ ಮೊದಲ ಸಂಗತಿ ಏನು ಅಂದರೆ, ಇವು ನಾಲ್ಕೂ ಬೇರೆ ಬೇರೆ ಜಾತಿಯ ಸಾಲಗಳು. ಒಂದರಲ್ಲಿ ಬಡ್ಡಿ ಜಾಸ್ತಿ. ಒಂದರಲ್ಲಿ ಕಂತು ಜಾಸ್ತಿ. ಒಂದು ದುಡಿಮೆಯದ್ದು, ಅದರಿಂದ ಕೊಂಡ ಸಾಮಾನು ದಿನಾ ಕೆಲಸ ಮಾಡ್ತಿದೆ. ಇನ್ನೊಂದಕ್ಕೆ ಬಡ್ಡಿಯೇ ಇಲ್ಲ, ಆದರೆ ಅದು ದಿನಾ ಎದುರುಮನೆ ಅಂಗಳದಲ್ಲಿ ಕಾಣುತ್ತೆ. ಎಲ್ಲವನ್ನೂ ಕೂಡಿಸಿ “ನನಗೆ ಎಂಟೂವರೆ ಲಕ್ಷ ಸಾಲ ಇದೆ” ಅಂದುಕೊಂಡರೆ ಭಯ ಮಾತ್ರ ಹುಟ್ಟುತ್ತೆ, ದಾರಿ ಕಾಣಲ್ಲ.

ಸಾಲ ಇರುವಾಗ ದುಡ್ಡು ಎತ್ತಿಡೋದಾ?

ಹಣಕಾಸಿನ ಸಲಹೆಗಾರರು ಸಾಮಾನ್ಯವಾಗಿ ಎರಡು ದಾರಿ ಹೇಳ್ತಾರೆ. ಬಡ್ಡಿ ಜಾಸ್ತಿ ಇರೋದನ್ನು ಮೊದಲು ತೀರಿಸಿ, ಒಟ್ಟು ಬಡ್ಡಿ ಉಳಿಯುತ್ತೆ. ಇಲ್ಲವಾ, ಚಿಕ್ಕ ಸಾಲ ಮೊದಲು ತೀರಿಸಿ, ಒಂದು ಮುಗಿದ ಹುಮ್ಮಸ್ಸು ಸಿಗುತ್ತೆ. ಎರಡೂ ಸರಿ. ಆದರೆ ಎರಡಕ್ಕೂ ಪ್ರತಿ ತಿಂಗಳು ಇಷ್ಟು ಉಳಿಯುತ್ತೆ ಅನ್ನೋ ಖಾತ್ರಿ ಬೇಕು. ನಮಗೆ ಅದಿಲ್ಲ.

ಅದಕ್ಕೇ ನಮ್ಮಂಥವರಿಗೆ ಅದಕ್ಕೂ ಮೊದಲಿನ ಮೆಟ್ಟಿಲು ಒಂದಿದೆ: ಕಂತಿನ ದುಡ್ಡನ್ನು ಮುಂಚೆಯೇ ಎತ್ತಿಡೋದು. ನನ್ನ ಎರಡು ಕಂತು ಸೇರಿ ತಿಂಗಳಿಗೆ 17,550. ಮೂರು ತಿಂಗಳಿಗೆ 52,650. ಇದನ್ನು ಬೇರೆ ಖಾತೆಯಲ್ಲಿಟ್ಟು, ಐದನೇ ತಾರೀಕಿನ ಕಡಿತವನ್ನು ಆ ಖಾತೆಗೇ ಜೋಡಿಸಿದೆ. ಆ ಖಾತೆಗೆ ಯುಪಿಐ ಇಲ್ಲ, ಡೆಬಿಟ್ ಕಾರ್ಡ್ ಪರ್ಸಲ್ಲಿಲ್ಲ.

ಇದನ್ನು ಕೇಳಿದ ಗೆಳೆಯನೊಬ್ಬ ನಕ್ಕ. “ಶೇ 14.5 ಬಡ್ಡಿ ಕಟ್ತಾ ಶೇ 3ಕ್ಕೆ ದುಡ್ಡು ಇಡ್ತೀಯಲ್ಲೋ, ಇಂಜಿನಿಯರಿಂಗ್ ಮ್ಯಾಥ್ಸ್ ಮರೆತೋಯ್ತಾ?” ಅವನ ಲೆಕ್ಕ ಸರಿ. ವ್ಯತ್ಯಾಸ ಶೇ 11.5, ಅಂದರೆ 52,650ಕ್ಕೆ ವರ್ಷಕ್ಕೆ ಸುಮಾರು 6 ಸಾವಿರ, ತಿಂಗಳಿಗೆ 500 ರೂಪಾಯಿ ನಷ್ಟ. ಆದರೆ ಒಂದು ಕಂತು ಬೌನ್ಸ್ ಆದರೆ ಏನಾಗುತ್ತೆ ನೋಡಿ. ಸಾಲ ಕೊಟ್ಟವರ ದಂಡ, ಖಾತೆ ಇರೋ ಬ್ಯಾಂಕಿನ ದಂಡ. 300ರಿಂದ 900ರವರೆಗಿನ ಸಿಬಿಲ್ ಅಂಕದಲ್ಲಿ ಇಳಿಕೆ. ಅದನ್ನು ತಪ್ಪಿಸೋಕೆ ಮತ್ತೆ ಕಾರ್ಡ್ ಉಜ್ಜಿದರೆ ವರ್ಷಕ್ಕೆ ಶೇ 42ರ ಬಡ್ಡಿ. ಜುಲೈನ ಸೊನ್ನೆ ಆದಾಯದ ತಿಂಗಳು ನನ್ನ ಕಂತು ತಪ್ಪಲಿಲ್ಲ. ಆ 500 ರೂಪಾಯಿ ವಸೂಲಾಯ್ತು.

ಒಂದು ಸೂಕ್ಷ್ಮ ಇದೆ. ಕಾರ್ಡ್ ಬಾಕಿ ಇರುವಾಗ ಮೂರು ತಿಂಗಳದ್ದು ಎತ್ತಿಡೋದು ದುಬಾರಿ, ಅಲ್ಲಿ ಬಡ್ಡಿ ವ್ಯತ್ಯಾಸ ಶೇ 39. ಹಾಗಾಗಿ ಕ್ರಮ ಹೀಗೆ: ಮೊದಲು ಒಂದೇ ತಿಂಗಳ ಕಂತು ಎತ್ತಿಡಿ, ಆಮೇಲೆ ಕಾರ್ಡ್ ಮುಗಿಸಿ, ಆಮೇಲೆ ಅದನ್ನು ಮೂರು ತಿಂಗಳಿಗೆ ಏರಿಸಿ. ಉಳಿದ ಸಾಲಗಳ ಅಸಲಿಗೆ ಕೈ ಹಾಕೋದು ಅದಾದ ಮೇಲೆ.

ನನಗೆ ನಾನೇ ಕೊಡೋ ಸಂಬಳ

ನನ್ನದು ಒಬ್ಬನೇ ಮಾಲೀಕನ ವ್ಯವಹಾರ, ಪ್ರೊಪ್ರೈಟರ್‌ಶಿಪ್. ಕಾನೂನಿನ ಕಣ್ಣಲ್ಲಿ ನಾನೂ ನನ್ನ ವ್ಯವಹಾರವೂ ಒಂದೇ. ವ್ಯವಹಾರದ ಸಾಲ ಕಟ್ಟದಿದ್ದರೆ ಕೇಳೋದು ನನ್ನನ್ನೇ, ಇಳಿಯೋದು ನನ್ನ ಸಿಬಿಲ್ ಅಂಕವೇ. ಕಾನೂನು ಒಂದು ಮಾಡಿದೆ ಅಂತ ನಾವೂ ಲೆಕ್ಕವನ್ನು ಒಂದು ಮಾಡಿದರೆ, ವ್ಯವಹಾರ ಗೆಲ್ತಿದೆಯಾ, ಮನೆ ಅದನ್ನು ತಿಂತಿದೆಯಾ ಅಂತ ಗೊತ್ತೇ ಆಗಲ್ಲ.

ಅದಕ್ಕೆ ಎರಡು ಖಾತೆ. ಕ್ಲೈಂಟ್‌ಗಳ ದುಡ್ಡೆಲ್ಲ ಕರೆಂಟ್ ಅಕೌಂಟ್‌ಗೆ ಬರುತ್ತೆ. ಅಲ್ಲಿಂದ ಪ್ರತಿ ಒಂದನೇ ತಾರೀಕು ನನ್ನ ಉಳಿತಾಯ ಖಾತೆಗೆ 33 ಸಾವಿರ “ಸಂಬಳ”. ಅದರಲ್ಲಿ 22 ಸಾವಿರ ಮನೆಗೆ, 11 ಸಾವಿರ ಪರ್ಸನಲ್ ಲೋನ್ ಕಂತಿಗೆ. ಮುದ್ರಾ ಕಂತು, ಇಂಟರ್ನೆಟ್, ಸರ್ವರ್ ಬಾಡಿಗೆ, ಓಡಾಟ ಸೇರಿ ಇನ್ನೊಂದು 15,500 ವ್ಯವಹಾರದ್ದೇ ಖರ್ಚು. ನವೆಂಬರ್‌ನಲ್ಲಿ 1 ಲಕ್ಷದ 90 ಸಾವಿರ ಬಂದಾಗಲೂ ಸಂಬಳ 33 ಸಾವಿರವೇ. ಜುಲೈನಲ್ಲಿ ಸೊನ್ನೆ ಬಂದಾಗಲೂ 33 ಸಾವಿರವೇ.

ಸಂಬಳ ಎಷ್ಟು ಅಂತ ನಿರ್ಧರಿಸೋವಾಗ ಸರಾಸರಿ ನೋಡಬೇಡಿ. ಹನ್ನೆರಡು ತಿಂಗಳ ಆದಾಯ ಬರೆದು, ಸತತವಾಗಿ ಕೆಟ್ಟದಾದ ತಿಂಗಳುಗಳು ಎಷ್ಟು ಅಂತ ನೋಡಿ. ಅವುಗಳ ಹಿಂದಿನ ಮೂರು ತಿಂಗಳ ಉಳಿಕೆಯಿಂದ ಆ ಹೊಂಡ ತುಂಬುತ್ತೆ ಅಂದರೆ ಆ ಸಂಬಳ ಸರಿ. ತುಂಬಲ್ಲ ಅಂದರೆ ಸಂಬಳ ಇಳಿಸಬೇಕು, ಇಲ್ಲ ಕೆಲಸ ಹೆಚ್ಚಿಸಬೇಕು.

ಅಮ್ಮನ ಬಳೆ, ಅಪ್ಪನ ತೋಟ

ಕಾರ್ಡಿನ 85 ಸಾವಿರಕ್ಕೆ ತಿಂಗಳ ಬಡ್ಡಿ 2,975. ಅದರ ಮೇಲೆ ಶೇ 18 ಜಿಎಸ್‌ಟಿ. ಒಟ್ಟು 3,510. ಮಿನಿಮಮ್ ಡ್ಯೂ ಅಂತ 4,250 ಕಟ್ಟಿದರೆ ಅಸಲಿಗೆ ಹೋಗೋದು 740 ರೂಪಾಯಿ. ಬಾಕಿ ಉಳಿಸಿಕೊಂಡಿರೋವರೆಗೆ ಹೊಸ ಖರೀದಿಗೆ ಬಡ್ಡಿರಹಿತ ದಿನಗಳೂ ಸಿಗಲ್ಲ, ಉಜ್ಜಿದ ದಿನದಿಂದಲೇ ಬಡ್ಡಿ.

ಈ ಲೆಕ್ಕವನ್ನು ಊಟ ಮಾಡ್ತಾ ಹೇಳಿದಾಗ ಅಮ್ಮ ಎದ್ದು ಒಳಗೆ ಹೋಗಿ ಬಳೆ ತಂದು ಬಾಳೆ ಎಲೆ ಪಕ್ಕ ಇಟ್ಟರು. “ಪೆಟ್ಟಿಗೆಲಿ ಇದ್ದು ಎಂತ ಮಾಡ್ತದೆ ಅದು? ತಗಂಡು ಹೋಗು.”

ಚಿನ್ನದ ಸಾಲದ ಬಡ್ಡಿ ಶೇ 10. ಅದೇ 85 ಸಾವಿರಕ್ಕೆ ತಿಂಗಳಿಗೆ 708 ರೂಪಾಯಿ. 3,510 ಎಲ್ಲಿ, 708 ಎಲ್ಲಿ! ಬಳೆ ಅಡ ಇಟ್ಟು ಕಾರ್ಡ್ ಪೂರ್ತಿ ಮುಚ್ಚಿದೆ.

ಇದೇ ತರ್ಕವನ್ನು ಇನ್ನೊಂದು ಹೆಜ್ಜೆ ಎಳೆದವರು ಒಬ್ಬ ಪರಿಚಯದವರು. “ತೋಟದ ಮೇಲೆ ಒಂದೇ ದೊಡ್ಡ ಸಾಲ ಮಾಡಿ ಎಲ್ಲ ಮುಚ್ಚಿಬಿಡಿ. ಬಡ್ಡಿ ಕಡಿಮೆ, ಕಂತು ಒಂದೇ, ತಲೆಬಿಸಿ ಇಲ್ಲ.” ಸೊಸೈಟಿಯ ಬೆಳೆಸಾಲವೂ ಕಣ್ಣೆದುರಿಗೆ ಇತ್ತು. ರಾಜ್ಯದಲ್ಲಿ ರೈತರಿಗೆ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿದೆ. ಶೂನ್ಯ ಬಡ್ಡಿ! ಅದರಿಂದ ಪರ್ಸನಲ್ ಲೋನ್ ತೀರಿಸಿಬಿಡಬಹುದಲ್ಲ ಅಂತ ಯಾರಿಗಾದರೂ ಅನಿಸುತ್ತೆ.

ಪಹಣಿಯಲ್ಲಿ ಹೆಸರು ಅಪ್ಪನದು. ಅವರು ಹೇಳಿದ್ದು ಒಂದೇ ಮಾತು: “ತೋಟದ ಸಾಲ ತೋಟಕ್ಕೇ ಹೋಗ್ಬೇಕು ಮಾರಾಯ.”

ಮೊದಲು ಇದು ಹಳೇ ಕಾಲದ ಹಟ ಅನಿಸಬಹುದು. ಯೋಚಿಸಿದರೆ ಅದರಲ್ಲಿ ಗಟ್ಟಿ ಲೆಕ್ಕ ಇದೆ. ಶೂನ್ಯ ಬಡ್ಡಿ ಸಿಗೋದು ಗಡುವಿನೊಳಗೆ ಪೂರ್ತಿ ಕಟ್ಟಿದವರಿಗೆ ಮಾತ್ರ. ಅದು ಕೊಯ್ಲಿನ ದುಡ್ಡಿಂದ ತೀರಲಿ ಅಂತ ಇರೋ ಸಾಲ. ನಾಲ್ಕು ವರ್ಷದ ಸಾಲವನ್ನು ಒಂದು ವರ್ಷದ ಸಾಲಕ್ಕೆ ಬದಲಾಯಿಸಿದರೆ ಆ ವರ್ಷ ಎಲೆಚುಕ್ಕಿ ರೋಗ ಬಂದರೆ ಏನು ಗತಿ? ಇನ್ನೂ ದೊಡ್ಡ ವಿಷಯ ಅಡಮಾನದ್ದು. ಪರ್ಸನಲ್ ಲೋನ್‌ಗೆ, 10 ಲಕ್ಷದವರೆಗಿನ ಮುದ್ರಾ ಸಾಲಕ್ಕೆ ಅಡಮಾನ ಇಲ್ಲ. ಕಟ್ಟೋಕಾಗದಿದ್ದರೆ ಸಿಬಿಲ್ ಹಾಳಾಗುತ್ತೆ, ನೋಟಿಸ್ ಬರುತ್ತೆ, ಕೋರ್ಟೂ ಆಗಬಹುದು. ಕಷ್ಟವೇ. ಆದರೆ ತೋಟ ಬರೆದುಕೊಟ್ಟು ಮಾಡಿದ ಸಾಲ ಮುಗ್ಗರಿಸಿದರೆ ಹೋಗೋದು ತೋಟ. ಬಡ್ಡಿ ಕಡಿಮೆ ಯಾಕೆ ಅಂದರೆ, ಆ ಅಪಾಯವನ್ನು ಬ್ಯಾಂಕಿನ ತಲೆಯಿಂದ ನಮ್ಮ ತಲೆಗೆ ಇಳಿಸಿಕೊಂಡಿರ್ತೀವಿ. ನನ್ನ ಆದಾಯ ಏರುಪೇರಾಗೋದು ನನಗೇ ಗೊತ್ತಿರುವಾಗ, ಅದಕ್ಕೆ ಅಪ್ಪನ ಬದುಕನ್ನು ಜಾಮೀನು ಇಡೋದು ಯಾವ ನ್ಯಾಯ?

ಹಾಗಾದರೆ ಬಳೆ ಅಡ ಇಟ್ಟದ್ದು ಸರಿಯಾ? ಅದಕ್ಕೂ ಅಪಾಯ ಇತ್ತು, ವರ್ಷದೊಳಗೆ ಬಿಡಿಸದಿದ್ದರೆ ಹರಾಜಿನ ನೋಟಿಸ್ ಬರುತ್ತೆ. ವ್ಯತ್ಯಾಸ ಇಷ್ಟು: ಮೊತ್ತ ಸಣ್ಣದು, ಆರು ತಿಂಗಳಲ್ಲಿ ಬರಬೇಕಿದ್ದ ದುಡ್ಡು ಕೈಯಲ್ಲಿದ್ದ ಆರ್ಡರಿನದ್ದೇ, ಬಡ್ಡಿಯ ಅಂತರ ಐದು ಪಟ್ಟು. ನವೆಂಬರ್‌ನಲ್ಲಿ ದುಡ್ಡು ಬಂದ ಮರುದಿನ ಬಳೆ ಬಿಡಿಸಿದೆ. ಅಡ ಇಡೋ ಮುಂಚೆ ಈ ಮೂರನ್ನೂ ಕೇಳಿಕೊಳ್ಳಿ: ಎಷ್ಟು, ಯಾವ ದುಡ್ಡಿಂದ, ಯಾವಾಗ. ಮೂರರಲ್ಲಿ ಒಂದಕ್ಕೆ ಉತ್ತರ ಇಲ್ಲದಿದ್ದರೂ ಬೇಡ.

ಬಡ್ಡಿ ಇಲ್ಲದ ಸಾಲ

ಲೆಕ್ಕದ ಪ್ರಕಾರ ಬಡ್ಡಿ ಇಲ್ಲದ ಕೈಗಡ ಕೊನೆಗೆ ತೀರಬೇಕು. ನಾನು ಅದನ್ನು ಜೂನ್‌ನಲ್ಲೇ ತೀರಿಸಿದೆ, ಬಳೆಗಿಂತಲೂ ಮೊದಲು.

ಅಣ್ಣ ಒಂದು ದಿನವೂ ಕೇಳಿದವರಲ್ಲ. ನಾನೇ ತೆಗೆದರೂ “ಅವಸರ ಎಂತದೂ ಇಲ್ಲ ತಮ್ಮಾ” ಅಂತಿದ್ದರು. ಆದರೆ ಅವರ ಮಗಳು ಪಿಯುಸಿ ಮುಗಿಸಿದ್ದಳು, ಜೂನ್ ಅಂದರೆ ಕಾಲೇಜು ಸೇರೋ ಹೊತ್ತು, ಅವರಿಗೂ ಅಡಿಕೆ ದುಡ್ಡು ಬರೋದು ದೀಪಾವಳಿ ಕಳೆದ ಮೇಲೇ. ನಾನು ಕೊಡದಿದ್ದರೆ ಅವರು ಬೇರೆ ಕಡೆ ಬಡ್ಡಿಗೆ ತರಬೇಕಿತ್ತು. ನನ್ನ ಸಾಲಕ್ಕೆ ಬಡ್ಡಿ ಇರಲಿಲ್ಲ ಅಂತಲ್ಲ, ಅದನ್ನು ಅವರು ಕಟ್ಟಬೇಕಾಗ್ತಿತ್ತು ಅಷ್ಟೇ.

ಊರಲ್ಲಿ ಇದ್ದು ಬದುಕೋರಿಗೆ ಇನ್ನೊಂದು ಕಾರಣವೂ ಇದೆ. ರಾತ್ರಿ ಹನ್ನೊಂದಕ್ಕೆ ಎದೆನೋವು ಬಂದಾಗ ಜೀಪ್ ತೆಗೆಯೋದು ಬ್ಯಾಂಕ್ ಅಲ್ಲ.

ಬರಬೇಕಾದ್ದನ್ನು ಬರಿಸೋದು

ನಮ್ಮ ಸಾಲದ ಒಂದು ಭಾಗ ನಿಜಕ್ಕೂ ನಮ್ಮದಲ್ಲ. ಕ್ಲೈಂಟ್ ಮೂರು ತಿಂಗಳು ತಡ ಮಾಡಿದ ದುಡ್ಡಿಗೆ ನಾವು ಕಾರ್ಡಿನ ಬಡ್ಡಿ ಕಟ್ಟಿದರೆ, ಅವರ ವ್ಯವಹಾರಕ್ಕೆ ನಾವು ಸಾಲ ಕೊಟ್ಟ ಹಾಗೆ.

ಇಲ್ಲಿ ಕಾನೂನು ನಮ್ಮ ಕಡೆ ಇದೆ, ಎಷ್ಟೋ ಜನಕ್ಕೆ ಗೊತ್ತಿಲ್ಲ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ, ಅತಿಸಣ್ಣ ಮತ್ತು ಸಣ್ಣ ಉದ್ಯಮಕ್ಕೆ ದುಡ್ಡು ಕೊಡೋಕೆ ಬರಹದ ಒಪ್ಪಂದ ಇದ್ದರೂ ಗರಿಷ್ಠ 45 ದಿನ, ಒಪ್ಪಂದ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಇದಕ್ಕೆ ಬೇಕಾದ್ದು ಉದ್ಯಮ್ ನೋಂದಣಿ. 2020ರ ಜುಲೈ 1ರಿಂದ ಇರೋ ಈ ನೋಂದಣಿ ಪೂರ್ತಿ ಉಚಿತ, ಆಧಾರ್ ಮತ್ತು ಪ್ಯಾನ್ ಇದ್ದರೆ ಫೋನಲ್ಲೇ ಆಗುತ್ತೆ. ದುಡ್ಡು ಕೇಳೋ ಸೈಟುಗಳ ಹತ್ತಿರ ಹೋಗಬೇಡಿ. ದುಡ್ಡು ಬಾರದಿದ್ದರೆ ದೂರು ಕೊಡೋಕೆ ಕೇಂದ್ರದ ಪೋರ್ಟಲ್ ಇದೆ.

ದೂರಿನ ತನಕ ಹೋಗೋ ಅಗತ್ಯ ನನಗೆ ಬೀಳಲಿಲ್ಲ. 2023ರ ಬಜೆಟ್‌ನಲ್ಲಿ ಆದಾಯ ತೆರಿಗೆಗೆ ಒಂದು ಬದಲಾವಣೆ ಬಂತು: ಇಂಥ ಉದ್ಯಮಗಳಿಗೆ ಗಡುವಿನೊಳಗೆ ದುಡ್ಡು ಕೊಡದ ಕಂಪನಿ, ಆ ಮೊತ್ತವನ್ನು ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚು ಅಂತ ತೋರಿಸಬಹುದು. ಹಾಗಾಗಿ ಇನ್‌ವಾಯ್ಸ್ ಮೇಲೆ ಉದ್ಯಮ್ ಸಂಖ್ಯೆ, “45 ದಿನದೊಳಗೆ ಪಾವತಿ” ಅನ್ನೋ ಒಂದು ಸಾಲು ಇದ್ದರೆ ಅಕೌಂಟ್ಸ್ ವಿಭಾಗದವರೇ ಎಚ್ಚೆತ್ತುಕೊಳ್ತಾರೆ. 94 ದಿನ ಸತಾಯಿಸಿದ ಒಂದು ಕಂಪನಿಗೆ ಮುಂದಿನ ಇನ್‌ವಾಯ್ಸ್ ಹೀಗೆ ಕಳಿಸಿದೆ. 31ನೇ ದಿನ ದುಡ್ಡು ಬಂತು. ಹೊಸ ಕ್ಲೈಂಟ್‌ಗಳಿಗೆ ಶೇ 40 ಮುಂಗಡ ಅನ್ನೋ ನಿಯಮವನ್ನೂ ಮಾಡಿದೆ. ಒಬ್ಬರು ಬಿಟ್ಟು ಹೋದರು. ಉಳಿದವರೆಲ್ಲ ಒಪ್ಪಿದರು.

ಕ್ಲೈಂಟ್‌ಗಳು ಮುರಿದುಕೊಂಡ ಟಿಡಿಎಸ್ ಕೂಡ ನಿಮ್ಮದೇ ದುಡ್ಡು. ರಿಟರ್ನ್ಸ್ ತಡ ಮಾಡದೆ ಹಾಕಿದರೆ ರೀಫಂಡ್ ಬರಬೇಕಾದ್ದು ಬೇಗ ಬರುತ್ತೆ. ಅದನ್ನು ಬೋನಸ್ ಅಂತ ಖರ್ಚು ಮಾಡದೆ ನೇರ ಕಂತಿನ ಖಾತೆಗೆ ಹಾಕಿ.

ಒಂದು ಲಕ್ಷ ಹೆಚ್ಚಿಗೆ ಸಿಕ್ಕಿದಾಗ

ಮಾರ್ಚ್‌ನಲ್ಲಿ ಒಂದು ಲಕ್ಷ ಕೈಯಲ್ಲಿ ಉಳಿದಿತ್ತು. ಪರ್ಸನಲ್ ಲೋನಿನ ಅಸಲು ಅಷ್ಟೊತ್ತಿಗೆ 3 ಲಕ್ಷದ 20 ಸಾವಿರಕ್ಕೆ ಇಳಿದಿತ್ತು. ಒಂದು ಲಕ್ಷ ಕಟ್ಟಿದರೆ ಎರಡು ಆಯ್ಕೆ. ಕಂತು ಅಷ್ಟೇ ಇಟ್ಟು ಅವಧಿ ಇಳಿಸೋದು, ಅಥವಾ ಅವಧಿ ಅಷ್ಟೇ ಇಟ್ಟು ಕಂತು ಇಳಿಸೋದು.

ಅವಧಿ ಇಳಿಸಿ ಅಂತ ಎಲ್ಲರೂ ಹೇಳ್ತಾರೆ. ಅದರಲ್ಲಿ ಸಾಲ 36 ತಿಂಗಳ ಬದಲು 23 ತಿಂಗಳಲ್ಲೇ ಮುಗಿಯುತ್ತೆ. ಕಂತು ಇಳಿಸಿದರೆ 11,030 ಇದ್ದದ್ದು 7,590 ಆಗುತ್ತೆ, ಆದರೆ ಮೊದಲ ದಾರಿಗಿಂತ ಸುಮಾರು 19 ಸಾವಿರ ಬಡ್ಡಿ ಜಾಸ್ತಿ.

ಸಂಬಳದವರಾದರೆ ಕಣ್ಣು ಮುಚ್ಚಿ ಮೊದಲನೆಯದು. ನಾನು ಎರಡನೆಯದನ್ನು ಆರಿಸಿದೆ. ಯಾಕೆಂದರೆ ಜುಲೈನಲ್ಲಿ ನನ್ನನ್ನು ಕಾಡೋದು ಮೂರು ವರ್ಷದ ಒಟ್ಟು ಬಡ್ಡಿ ಅಲ್ಲ, ಆ ತಿಂಗಳ ಕಂತು. ಒಳ್ಳೆ ತಿಂಗಳಲ್ಲಿ ಮತ್ತೆ ಹೆಚ್ಚಿಗೆ ಕಟ್ಟಿದರೆ ಆ 19 ಸಾವಿರದಲ್ಲಿ ಬಹುಪಾಲು ಉಳಿಯುತ್ತೆ. ಕೆಟ್ಟ ತಿಂಗಳಲ್ಲಿ 3,440 ರೂಪಾಯಿಯ ಭಾರ ಕಡಿಮೆ. ಯಾವುದು ಬೇಕು ಅಂತ ಬ್ಯಾಂಕಿಗೆ ಬರವಣಿಗೆಯಲ್ಲೇ ಕೊಡಿ. ಅವಧಿಪೂರ್ವ ಪಾವತಿಗೆ ಶುಲ್ಕ ಇದೆಯಾ ಅಂತಲೂ ಮೊದಲೇ ಕೇಳಿ. 2026ರ ಜನವರಿ 1ರಿಂದ ಮಂಜೂರಾದ ಅಥವಾ ನವೀಕರಿಸಿದ ಸಾಲಗಳಿಗೆ ರಿಸರ್ವ್ ಬ್ಯಾಂಕ್ ಹೊಸ ನಿಯಮ ತಂದಿದೆ, ಬದಲಾಗುವ ಬಡ್ಡಿದರದ ಬಹಳಷ್ಟು ಸಾಲಗಳಿಗೆ ಈ ಶುಲ್ಕ ಹಾಕುವಂತಿಲ್ಲ. ಪರ್ಸನಲ್ ಲೋನ್‌ಗಳಲ್ಲಿ ಹೆಚ್ಚಿನವು ಸ್ಥಿರ ಬಡ್ಡಿಯವು, ಹಾಗಾಗಿ ನಿಮ್ಮ ಕಾಗದ ಏನು ಹೇಳುತ್ತೆ ಅಂತ ನೋಡಿಕೊಳ್ಳಿ.

ಕಂತು ತಪ್ಪಿಯೇ ಬಿಟ್ಟರೆ

ಎಷ್ಟು ಹುಷಾರಾಗಿದ್ದರೂ ತಪ್ಪಬಹುದು. ಆಗ ಫೋನ್ ಆಫ್ ಮಾಡಿ ಕೂರಬೇಡಿ. ಐದನೇ ತಾರೀಕಿಗೆ ಆಗಲ್ಲ ಅಂತ ಇಪ್ಪತ್ತೈದಕ್ಕೇ ಗೊತ್ತಾಗಿರುತ್ತೆ, ಅವತ್ತೇ ಶಾಖೆಗೆ ಹೋಗಿ ಅರ್ಜಿ ಕೊಡಿ. ಕಂತಿನ ತಾರೀಕು ಮುಂದಕ್ಕೆ ಹಾಕೋದು, ಅವಧಿ ಹೆಚ್ಚಿಸೋದು ಇಂಥವೆಲ್ಲ ಕೇಳಿದವರಿಗೆ ಸಿಗೋ ಸಾಧ್ಯತೆ ಇರುತ್ತೆ, ತಲೆ ತಪ್ಪಿಸಿಕೊಂಡವರಿಗೆ ಇಲ್ಲ.

ಹಳ್ಳಿಯಲ್ಲಿ ವಸೂಲಿಯವರು ಬಂದರೆ ಇಡೀ ಕೇರಿಗೆ ಗೊತ್ತಾಗುತ್ತೆ. ಆ ಮರ್ಯಾದೆಯ ಭಯದಲ್ಲೇ ಜನ ಐದು ನಿಮಿಷದ ಲೋನ್ ಆ್ಯಪ್‌ಗಳಿಗೆ ಬೀಳೋದು. ನಿಮ್ಮ ಹಕ್ಕು ತಿಳಿದಿರಲಿ: ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಬೈಯೋದು, ಬೆದರಿಸೋದು, ನೆಂಟರೆದುರು ಅವಮಾನ ಮಾಡೋದು ಕೂಡದು. ಕಿರುಸಾಲ ಕೊಟ್ಟು ಬಲವಂತದ ವಸೂಲಿ ಮಾಡೋರ ವಿರುದ್ಧ ಕರ್ನಾಟಕ 2025ರಲ್ಲಿ ಪ್ರತ್ಯೇಕ ಕಾನೂನು ತಂದಿದೆ. ಬ್ಯಾಂಕಿಗೆ ದೂರು ಕೊಟ್ಟು 30 ದಿನ ಕಳೆದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗಬಹುದು. ಮಾಹಿತಿಗೆ ಸಹಾಯವಾಣಿ 14448.

ಈಗ ಎಲ್ಲಿದ್ದೀನಿ

ಒಂದು ವರ್ಷಕ್ಕೆ ಕಾರ್ಡ್ ಬಾಕಿ ಇಲ್ಲ, ಕೈಗಡ ಇಲ್ಲ, ಬಳೆ ಮನೆಗೆ ಬಂದಿದೆ. ಪರ್ಸನಲ್ ಲೋನ್ 2 ಲಕ್ಷ 20 ಸಾವಿರ, ಮುದ್ರಾ 2 ಲಕ್ಷ 52 ಸಾವಿರ ಉಳಿದಿದೆ. 8 ಲಕ್ಷ 45 ಸಾವಿರ ಇದ್ದದ್ದು 4 ಲಕ್ಷ 72 ಸಾವಿರಕ್ಕೆ ಬಂದಿದೆ. ಕಂತಿನ ಖಾತೆಯಲ್ಲಿ ಮೂರು ತಿಂಗಳ ದುಡ್ಡಿದೆ. ತೋಟದ ಪಹಣಿಯಲ್ಲಿ ನನ್ನ ಸಾಲದ ಒಂದು ಅಕ್ಷರವೂ ಇಲ್ಲ.

ನಡುವೆ ಬೆಂಗಳೂರಿನಿಂದ ಒಂದು ಕೆಲಸದ ಕರೆ ಬಂದಿತ್ತು. ಒಂದನೇ ತಾರೀಕಿನ ಸಂಬಳ, ಸಾಲ ಒಂದೂವರೆ ವರ್ಷದಲ್ಲಿ ಮುಗೀತಿತ್ತು. ಎರಡು ದಿನ ಯೋಚಿಸಿದೆ. ಹೋಗೋದು ಸೋಲು ಅಂತ ನನಗೆ ಅನಿಸಲಿಲ್ಲ, ನಿಮ್ಮಲ್ಲಿ ಯಾರಾದರೂ ಅದನ್ನೇ ಆರಿಸಿದರೂ ಅದು ಸೋಲಲ್ಲ. ಆದರೆ ಅಪ್ಪನ ತಪಾಸಣೆಗೆ ಗಾಡಿ ಓಡಿಸೋರು ಯಾರು, ಮಳೆಗಾಲದಲ್ಲಿ ಇವರಿಬ್ಬರೇ ಇರೋದು ಹೇಗೆ ಅಂತ ಲೆಕ್ಕ ಹಾಕಿದಾಗ, ಒಂದೂವರೆ ವರ್ಷದ ಬದಲು ಮೂರು ವರ್ಷ ಆಗೋದು ಪರವಾಗಿಲ್ಲ ಅನಿಸಿತು. ಆ ಮಾತನ್ನು ಧೈರ್ಯವಾಗಿ ಹೇಳೋಕೆ ಆದದ್ದು ಐದನೇ ತಾರೀಕಿನ ಭಯ ಹೋಗಿದ್ದರಿಂದ.

ನೀವು ಮಾಡಬೇಕಾದ್ದು ಇಷ್ಟೇ. ಈ ಭಾನುವಾರ ಒಂದು ಹಾಳೆ ತಗೊಳ್ಳಿ. ಪ್ರತಿ ಸಾಲದ ಎದುರು ಐದು ವಿಷಯ ಬರೆಯಿರಿ: ಉಳಿದ ಅಸಲು, ಬಡ್ಡಿ, ಕಂತು, ಅಡ ಇಟ್ಟದ್ದು ಏನು, ತಡವಾದರೆ ಕಷ್ಟ ಯಾರಿಗೆ. ಕೊನೆಯ ಎರಡು ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿ ಸಿಗಲ್ಲ, ನೀವೇ ಬರೆಯಬೇಕು. ಅದರ ಕೆಳಗೆ ಕಳೆದ ಹನ್ನೆರಡು ತಿಂಗಳ ಆದಾಯ ಸಾಲಾಗಿ ಬರೆದು, ನಿಮ್ಮ ಜುಲೈ ಯಾವುದು ಅಂತ ಗುರುತು ಹಾಕಿ. ತೀರಿಸೋ ಕ್ರಮ ಆ ಹಾಳೆಯೇ ಹೇಳುತ್ತೆ.